ಹದಿನೆಂಟು ಉಗುರಿನ ಆನೆ

ನನಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಕೆಲವರಿಗೆ ಪಿತ್ತದ ಕಾಟ ಇರುವ ಹಾಗೆ ನನಗೆ ಇದು. ಹಾಲಿನವಳು ಪಾವು ತುಂಬುವಾಗ ಹೆಬ್ಬೆರಳನ್ನು ಒಳಗಿಟ್ಟಿದ್ದಾಳೋ ಎಂದು ಬಗ್ಗಿ ನೋಡುತ್ತಿದ್ದೆ. ಮಡಿವಾಳರ ಮನೆಯಿಂದ ಬಂದ ಸೀರೆಯನ್ನು ಯಾರಾದರೂ ಉಟ್ಟು ಬಿಚ್ಚಿದ್ದಾರೋ ಎಂದು ಮೂಸುತ್ತಿದ್ದೆ. ದೇವಸ್ಥಾನದಲ್ಲಿ ಕೈಗೆ ಬಿದ್ದ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವ ಮೊದಲು ಪಕ್ಕದವಳ ಕೈಯಲ್ಲಿ ಎಷ್ಟಿದೆ ಎಂದು ನೋಡುವವಳು ನಾನು. "ನಿನ್ನ ಕಟ್ಕಳೋನು ದಿನಾ ಸಂಜೆ ಜೇಬು ತಿರುವಿ ತೋರಿಸ್ಬೇಕಾಯ್ತದೆ ಕಣಮ್ಮಿ" ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ. ಹತ್ತು ಸಲ ಅನುಮಾನಪಟ್ಟರೆ ಆರು ಸಲ ಅದೇ ನಿಜವಾಗುತ್ತಿತ್ತು. ಉಳಿದ ನಾಲ್ಕರ ಬಗ್ಗೆ ನಾನು ತಲೆ ಕೆಡಿಸಿಕೊಂಡವಳೇ ಅಲ್ಲ, ಆ ಆನೆಯ ವಿಷಯ ಆಗುವವರೆಗೆ.

ಐವತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಮನೆ ಗುಂಡ್ಲುಪೇಟೆಯಲ್ಲಿ, ಕೆಲಸ ಚಾಮರಾಜನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ. ವಾರವೆಲ್ಲ ಅಲ್ಲಿ ದೂರದ ನೆಂಟರ ಮನೆಯ ಒಂದು ಕೋಣೆಯಲ್ಲಿದ್ದು, ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತುತ್ತಿದ್ದೆ. ಬಸ್ಸು ತೆರಕಣಾಂಬಿಯಲ್ಲಿ ತನಗೆ ತೋಚಿದಷ್ಟು ಹೊತ್ತು ನಿಂತು, ವೀಳ್ಯದೆಲೆಯ ಪೆಂಡಿ, ಕಾಲು ಕಟ್ಟಿದ ಕೋಳಿ, ಅವುಗಳ ಯಜಮಾನರು ಎಲ್ಲರನ್ನೂ ತುಂಬಿಕೊಂಡು ಹೊರಡುತ್ತಿತ್ತು. ಊರು ಸೇರುವಷ್ಟರಲ್ಲಿ ರಸ್ತೆಯ ಧೂಳಿಗೆ ನನ್ನ ತಲೆಗೂದಲು ಕೆಂಪಗಾಗಿರುತ್ತಿತ್ತು.

ಆ ವರ್ಷ ನಮ್ಮ ಶಾಲೆಗೆ ಒಂದು ಮರದ ಪೆಟ್ಟಿಗೆ ಬಂತು. ನೀಲಗಿರಿಯ ಕಡೆ ತೋಟ ಮಾಡಿಕೊಂಡಿದ್ದ ಒಬ್ಬ ದೊರೆಸಾನಿ ದೇಶ ಬಿಟ್ಟು ಹೋಗುವಾಗ ತನ್ನ ಮಕ್ಕಳ ಆಟದ ಸಾಮಾನನ್ನು ಯಾರಿಗೋ ಕೊಟ್ಟಿದ್ದಳಂತೆ. ಅವರು ಇನ್ಯಾರಿಗೋ ದಾಟಿಸಿ, ಕೊನೆಗೆ ಅದು ನಮ್ಮ ಹೆಡ್‌ಮಿಸ್ಟ್ರೆಸ್ ಮೇಜಿನ ಮೇಲೆ ಬಂದು ಕೂತಿತು. ಒಳಗೆ ಒಣಹುಲ್ಲಿನ ನಡುವೆ ಮೂವತ್ತೊಂದು ಪ್ರಾಣಿಗಳು. ಎಲ್ಲ ಮರದವು, ಸೀಮೆಯಲ್ಲಿ, ಅಂದರೆ ದೊರೆಗಳ ದೇಶದಲ್ಲಿ, ಕೆತ್ತಿ ಬಣ್ಣ ಹಾಕಿದವು. ದೊಡ್ಡದು ಗೇಣುದ್ದ, ಚಿಕ್ಕದು ಕಿರುಬೆರಳುದ್ದ. ಪೆಟ್ಟಿಗೆಯ ತಳದಲ್ಲಿ ಒಂದು ಇಂಗ್ಲಿಷ್ ಪುಸ್ತಕವೂ ಇತ್ತು, ಪುಟಪುಟಕ್ಕೆ ಬಣ್ಣದ ಚಿತ್ರಗಳು.

ಹೆಡ್‌ಮಿಸ್ಟ್ರೆಸ್ ಎಲ್ಲವನ್ನೂ ಗಾಜಿನ ಬೀರುವಿನಲ್ಲಿ ಜೋಡಿಸುವ ಕೆಲಸ ನನಗೆ ಹಚ್ಚಿದರು. ದಸರಾ ರಜೆಗೆ ಮುಂಚೆ ಇನ್‌ಸ್ಪೆಕ್ಟರು ಬರುವವರಿದ್ದರು. ಪ್ರತಿಯೊಂದರ ಮುಂದೆಯೂ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಇರಬೇಕು. ಹೆಸರು ಮಾತ್ರ ಸಾಲದು, ಯಾವ ದೇಶದ್ದು, ಅದರಲ್ಲಿ ಯಾವ ಉಪಜಾತಿ, ಎಲ್ಲ ಬರೆಯಬೇಕು. ಹುಲಿ ಎಂದು ಬರೆದರೆ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು, ಯಾವ ಹುಲಿ ಎಂದು ಬರೆಯಿರಿ ಎಂದರು. ಮನುಷ್ಯರ ಒಳಪಂಗಡ ಕೇಳುವುದರಲ್ಲಿ ನಮ್ಮ ಸೀಮೆಯವರು ನಿಸ್ಸೀಮರು. ಬೊಂಬೆ ಪ್ರಾಣಿಗಳ ಒಳಪಂಗಡ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆದರೆ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಯಾವುದನ್ನೂ ನಂಬದೆ ಪ್ರತಿಯೊಂದನ್ನೂ ತಿರುಗಿಸಿ, ಹೊಟ್ಟೆಯ ಕೆಳಗೆ ನೋಡಿ, ಪುಸ್ತಕದ ಚಿತ್ರದ ಪಕ್ಕ ಹಿಡಿದು ತಾಳೆ ನೋಡುವುದು. ಸಿಂಹದ ಕಿವಿ ಕೇಸರದ ಹೊರಗೆ ಕಾಣುತ್ತಿತ್ತು, ಹೊಟ್ಟೆಯ ಕೆಳಗೆ ಉದ್ದಕ್ಕೆ ಚರ್ಮದ ಮಡಿಕೆ ಇತ್ತು. ಹಾಗಾದರೆ ಅದು ನಮ್ಮ ದೇಶದ, ಗಿರ್ ಕಾಡಿನ ಸಿಂಹ. ಖಡ್ಗಮೃಗಕ್ಕೆ ಎರಡು ಕೊಂಬು, ಅದು ಆಫ್ರಿಕದ್ದು. ಗುರುತಿಸಿದ ಮೇಲೆ ಪ್ರತಿಯೊಂದರ ಹೊಟ್ಟೆಯ ಕೆಳಗೂ ಪೆನ್ಸಿಲಿನಲ್ಲಿ ಸಣ್ಣದಾಗಿ ಒಂದು ಸಂಖ್ಯೆ ಹಾಕಿದೆ. ಯಾರಾದರೂ ಬದಲಾಯಿಸಿಬಿಟ್ಟರೆ ಎಂದು. ಮಕ್ಕಳ ಶಾಲೆಯಲ್ಲಿ ಬೊಂಬೆ ಬದಲಾಯಿಸುವವರು ಯಾರು ಎಂದು ಮಾತ್ರ ಕೇಳಬೇಡಿ.

ಬಗೆಹರಿಯದ ನಾಲ್ಕೈದನ್ನು ಚೀಲದಲ್ಲಿ ಹಾಕಿಕೊಂಡು ಊರಿಗೆ ತಂದೆ. ನಮ್ಮ ಸೋದರಮಾವ, ಅವ್ವನ ತಮ್ಮ, ನಮ್ಮ ತಾಲ್ಲೂಕಿನ ಕಾಡಿನ ಮದ್ದೂರು ರೇಂಜಿನಲ್ಲಿ ಫಾರೆಸ್ಟ್ ಗಾರ್ಡು. ರಜೆಯಲ್ಲಿ ನಮ್ಮ ಮನೆಗೇ ಬಂದು ಬೀಳುತ್ತಿದ್ದ. ಅವನ ಶಾಸ್ತ್ರದಲ್ಲಿ ಪ್ರಾಣಿಗಳಿಗೆ ಎರಡೇ ಉಪಜಾತಿ, ನಮ್ಮದು ಮತ್ತು ನಮ್ಮದಲ್ಲದ್ದು. ನಾನು ತಂದದ್ದರಲ್ಲಿ ಕಪ್ಪು ಮೂತಿಯ ಒಂದು ಮುಸುವ ಇತ್ತು. ಪುಸ್ತಕದಲ್ಲಿ ಮುಸುವದ ನಾಲ್ಕು ಚಿತ್ರಗಳಿದ್ದವು, ನನಗೆ ನಾಲ್ಕೂ ಒಂದೇ ಥರ ಕಂಡಿದ್ದವು. ಮಾವ ಬೊಂಬೆಯನ್ನು ಅಂಗೈ ಮೇಲೆ ನಿಲ್ಲಿಸಿ ಒಂದು ಗಳಿಗೆಯಲ್ಲಿ ತೀರ್ಮಾನ ಕೊಟ್ಟ. ನಮ್ಮ ಕಾಡಿನ ಮುಸುವದ ನೆತ್ತಿಯ ಮೇಲೆ ಕೂದಲು ಚೂಪಗೆ ಕೊಂಡೆ ಕಟ್ಟಿದ ಹಾಗೆ ಎದ್ದಿರುತ್ತದೆ, ಇದರ ತಲೆ ಬೋಳು ಬೋಳಾಗಿದೆ. ನಮ್ಮದು ನಡೆಯುವಾಗ ಬಾಲ ಹಿಂದಕ್ಕೆ ಬಾಗುತ್ತದೆ, ಇದರ ಬಾಲ ಬೆನ್ನಿನ ಮೇಲೆ ತಲೆಯ ಕಡೆಗೆ ಬಂದಿದೆ. "ನಮ್ದಲ್ಲ ಬುಡು" ಎಂದ. ಶಾಲೆಗೆ ಹಿಂತಿರುಗಿ ಪುಸ್ತಕ ತೆಗೆದು ನೋಡಿದರೆ ಅದು ಉತ್ತರ ದೇಶದ್ದೇ. ಅಂದಿನಿಂದ ಮಾವನ ಕಣ್ಣೊಂದನ್ನು ಮಾತ್ರ ನಾನು ಪ್ರಶ್ನೆ ಮಾಡುತ್ತಿರಲಿಲ್ಲ.

ಆನೆಯನ್ನು ಅವನಿಗೆ ತೋರಿಸುವ ಅಗತ್ಯ ಬಿದ್ದಿರಲಿಲ್ಲ. ಅದರಲ್ಲಿ ಗೊಂದಲವೇ ಇರಲಿಲ್ಲ. ಮೊರದಗಲ ಕಿವಿ, ನಡುವೆ ತಗ್ಗಿದ ಬೆನ್ನು, ಉಬ್ಬಿಲ್ಲದೆ ಜಾರಿದ ಹಣೆ. ಮುಂಗಾಲಿಗೆ ನಾಲ್ಕು ನಾಲ್ಕು ಉಗುರು, ಹಿಂಗಾಲಿಗೆ ಮೂರು ಮೂರು, ಒಟ್ಟು ಹದಿನಾಲ್ಕು. ಪುಸ್ತಕದ ಆಫ್ರಿಕದ ಆನೆಯೇ ಎದ್ದು ಬಂದಿತ್ತು. ಚೀಟಿ ಬರೆದೆ, ಹೊಟ್ಟೆಯ ಕೆಳಗೆ ಹದಿನೇಳು ಎಂದು ಹಾಕಿದೆ. ಆದರೆ ಪ್ರಯಾಣದಲ್ಲಿ ಅದರ ಎಡಗಿವಿ ಸೀಳಿ ಅರ್ಧ ಹೋಗಿತ್ತು, ಸೊಂಡಿಲ ತುದಿ ಮುರಿದಿತ್ತು. ಇನ್‌ಸ್ಪೆಕ್ಟರ ಮುಂದೆ ಕಿವುಡಾನೆ ಇಡುವುದು ಹೇಗೆ ಎಂದು ಹೆಡ್‌ಮಿಸ್ಟ್ರೆಸ್ ಪೇಚಾಡಿದರು. ನಮ್ಮೂರಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ, ನಾನು ಮಾಡಿಸಿಕೊಂಡು ಬರುತ್ತೇನೆ ಎಂದು ಬಾಯಿ ಹಾಕಿದವಳು ನಾನೇ.

ಆ ಕೆಲಸಗಾರರೆಂದರೆ ಮರಗೆಲಸದ ಒಬ್ಬ ಹಿರಿಯರು, ಅವರನ್ನು ಎಲ್ಲರೂ ಸಾಬರು ಎಂದೇ ಕರೆಯುತ್ತಿದ್ದರು. ಊಟಿ ರಸ್ತೆಯ ಮೇಲೆ ಒಂದು ಹೆಂಚಿನ ಅಂಗಡಿ. ತೊಟ್ಟಿಲು, ಲಟ್ಟಣಿಗೆ, ಕಡೆಗೋಲು, ಬುಗುರಿ ಎಲ್ಲ ಮಾಡುತ್ತಿದ್ದರು. ನಾನು ಮಲಗಿದ ತೊಟ್ಟಿಲೂ ಅವರು ಮಾಡಿದ್ದೇ, ಹಾಗಾಗಿ ನನ್ನನ್ನು ಕೂಸು ಎನ್ನುತ್ತಿದ್ದರು. ದಸರಾ ಹತ್ತಿರ ಬಂದರೆ ಮಾತ್ರ ಗೊಂಬೆ ಬಿಟ್ಟು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಗೊಂಬೆ ಕೂರಿಸುವ ಮನೆಗಳವರೆಲ್ಲ ತಮ್ಮ ಪಟ್ಟದ ಗೊಂಬೆಗಳನ್ನು, ಅಂದರೆ ಮದುವೆಯಲ್ಲಿ ತವರಿನಿಂದ ಬಂದ ಮರದ ರಾಜ ರಾಣಿಯರನ್ನು, ಬಣ್ಣಕ್ಕೆಂದು ಅವರ ಅಂಗಡಿಯಲ್ಲಿ ಬಿಟ್ಟು ಹೋಗುತ್ತಿದ್ದರು. ಅಜ್ಜಿಯ ಅಜ್ಜಿಯ ಕಾಲದ ಗೊಂಬೆಗಳೂ ಇರುತ್ತಿದ್ದವು. ಗುರುತಿಲ್ಲ, ಚೀಟಿಯಿಲ್ಲ. ಒಂದೇ ಥರದ ಇಪ್ಪತ್ತು ಮೂವತ್ತು ಜೋಡಿ ಹಲಗೆಯ ಮೇಲೆ ಸಾಲಾಗಿ ನಿಂತಿರುತ್ತಿದ್ದವು, ಒಂದು ರಾಣಿಯೂ ಬೇರೆ ಮನೆಗೆ ಹೋದದ್ದಿಲ್ಲ. ಸಾಬರ ಕೈಗೆ ಕೊಟ್ಟ ಸಾಮಾನು ಪೆಟ್ಟಿಗೆಯಲ್ಲಿಟ್ಟ ಹಾಗೆ ಎಂಬ ಮಾತಿತ್ತು. ಅವರ ಸಂಸಾರ ನಡೆಯುತ್ತಿದ್ದುದು ಆ ಒಂದು ಮಾತಿನ ಮೇಲೆ.

ಆನೆಯನ್ನು ಅವರ ಮುಂದಿಟ್ಟು, ದೊಡ್ಡವರು ನೋಡುವ ಸಾಮಾನು, ಚೆನ್ನಾಗಿ ಮಾಡಿಕೊಡಿ ಎಂದೆ. ಅವರು ಅದನ್ನು ತಿರುಗಿಸಿ ನೋಡಿದರು. ಬೆನ್ನು ಸವರಿದರು. ಒಂದೊಂದೇ ಉಗುರನ್ನು ಬೆರಳಿನಿಂದ ಮುಟ್ಟಿ ಎಣಿಸಿದರು. ನಾಲಿಗೆ ಲೊಚಗುಟ್ಟಿದರು. ಹಿಂದಿನ ಹಲಗೆಯ ಮೇಲೆ ರಾಜ ರಾಣಿಯರ ಪಕ್ಕ ಇಟ್ಟರು. ಬೆಲೆ ಕಟ್ಟುತ್ತಿದ್ದಾರೆ ಎಂದು ನನಗೆ ಆಗಲೇ ಅನ್ನಿಸಿತು. ಸೀಮೆ ಸಾಮಾನು, ಇವರಿಗೆ ಗೊತ್ತಾಗದೆ ಇರುತ್ತದೆಯೇ.

ಮುಂದಿನ ಶನಿವಾರ ಬಸ್ಸಿನಿಂದ ಇಳಿಯುವಾಗ ಅವರ ಅಂಗಡಿಯ ಮುಂದೆ ಒಂದು ಕಾರು ನಿಂತಿತ್ತು. ಊಟಿಗೆ ಹೋಗುವ ಬಿಳಿಯರು ನಮ್ಮೂರಲ್ಲಿ ಕಾರು ನಿಲ್ಲಿಸಿ ಕಾಲು ಚಾಚುವುದು ಹೊಸದೇನಲ್ಲ. ಒಬ್ಬ ದೊರೆ ಏನೋ ಬೊಂಬೆ ಕೈಯಲ್ಲಿ ಹಿಡಿದು ನಗುತ್ತಿದ್ದ, ಸಾಬರೂ ನಗುತ್ತಿದ್ದರು. ನಾನು ಬೇಗ ಬೇಗ ಹೆಜ್ಜೆ ಹಾಕಿದೆ. ಹತ್ತಿರ ಹೋಗುವಷ್ಟರಲ್ಲಿ ಕಾರು ಹೋಗಿಬಿಟ್ಟಿತು. ಆನೆ ಆಯಿತೇ ಎಂದು ಕೇಳಿದೆ. ಇನ್ನೊಂದು ವಾರ ಕೂಸು, ಬಣ್ಣ ಒಣಗಬೇಕು ಎಂದರು. ಹಾಗಾದರೆ ತೋರಿಸಿ ಎಂದರೆ ಒಳಗೆ ಇದೆ, ಹಸಿ ಬಣ್ಣ ಮುಟ್ಟಬಾರದು ಎಂದರು.

ವಾರ ಕಳೆದು ಸಾಬರು ಅದನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟರು. ಮುಖದಲ್ಲಿ ಏನೋ ಸಂತೋಷ. ಮನೆಗೆ ಬಂದು ಬಿಚ್ಚಿದೆ. ಆನೆ ಬಹಳ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದೇ ನನ್ನನ್ನು ಎಚ್ಚರಿಸಿದ್ದು. ಕಿವಿ ಎರಡೂ ಚಿಕ್ಕವು, ಮುದ್ದಾಗಿ ಮಡಿಸಿದವು. ಬೆನ್ನು ಗುಡ್ಡದಂತೆ ಎದ್ದಿತ್ತು. ಹಣೆಯಲ್ಲಿ ಎರಡು ಉಬ್ಬು. ಉಗುರು ಎಣಿಸಿದೆ, ಹದಿನೆಂಟು. ಅಂಗಾತ ಮಾಡಿದೆ. ಹೊಟ್ಟೆಯ ಕೆಳಗೆ ನುಣ್ಣಗೆ ಹೊಸ ಬೂದು ಬಣ್ಣ, ಹದಿನೇಳರ ಸುಳಿವೇ ಇಲ್ಲ.

ಮಾವ ಅಂದು ಮನೆಯಲ್ಲೇ ಇದ್ದ. ಏನೂ ಹೇಳದೆ ಅವನ ಕೈಗಿಟ್ಟೆ. ಅವನು ಬಾಗಿಲ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದ.

"ಇದು ನಮ್ದು ಕಣಮ್ಮಿ. ನಮ್ ಮದ್ದೂರ್ ಕಾಡಿಂದೇಯ. ಇದ ಕೆತ್ದೋನು ಆನೆ ಬೆನ್ನಿಂದೇನೆ ಅಲ್ದಾಡವ್ನೆ."

ಇನ್ನೇನು ಬೇಕು. ನಾನು ಕೊಟ್ಟದ್ದು ಆಫ್ರಿಕದ ಆನೆ, ಬಂದದ್ದು ಮದ್ದೂರಿನ ಆನೆ. ಸೀಮೆಯ ಆನೆ ಕಾರು ಹತ್ತಿ ಊಟಿ ಸೇರಿದೆ, ಅದರ ಬದಲಿಗೆ ತಾವೇ ಒಂದು ಕೆತ್ತಿ ನನ್ನ ಕೈಗೆ ಹಾಕಿದ್ದಾರೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆಡ್‌ಮಿಸ್ಟ್ರೆಸ್ ಕೇಳಿದರೆ ಏನು ಹೇಳಲಿ ಎಂದು ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ರೋಷ ಬಂತು. ನನ್ನಂಥ ನನಗೇ ಟೋಪಿ ಹಾಕಿದರಲ್ಲ ಎಂಬ ರೋಷ.

ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋದೆ. ನಾನು ಕೊಟ್ಟ ಆನೆ ಎಲ್ಲಿ ಎಂದು ಕೇಳಿದೆ. ಸಾಬರಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದವರ ಹಾಗೆ ಮಾಡುತ್ತಿದ್ದಾರೆ ಎಂದು ನನಗನ್ನಿಸಿತು. "ಅದೇ ಆನೆ ಕಣ ಕೂಸು. ಮಾಡ್ದೋನು ತಪ್ ಮಾಡ್ಬುಟ್ಟಿದ್ದ, ನಾನು ತಿದ್ದಿವ್ನಿ" ಎಂದರು. ಆಮೇಲೆ ಉತ್ಸಾಹದಿಂದ ವಿವರಿಸಿದರು. ಮರ ತರಲು ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಹೋಗಿ ಬಂದು ಆನೆ ನೋಡಿ ನೋಡಿ ತಲೆ ನರೆತಿದೆ, ಅಂಥ ಕಿವಿ, ಅಂಥ ಕುಗ್ಗಿದ ಬೆನ್ನು ಎಲ್ಲೂ ಕಂಡಿಲ್ಲ. ಕಿವಿ ಕತ್ತರಿಸಿ ಅಳತೆಗೆ ತಂದೆ, ಬೆನ್ನಿಗೂ ಹಣೆಗೂ ಹಾಲೆ ಮರದ ತುಂಡು ಅಂಟಿಸಿದೆ. ಉಗುರು ಹದಿನೆಂಟಕ್ಕೆ ಕಡಿಮೆ ಇರುವ ಆನೆ ಕೇಡಂತೆ, ಅರಮನೆಯವರೂ ಕಟ್ಟುವುದಿಲ್ಲವಂತೆ. ಹೆಣ್ಣುಮಕ್ಕಳು ಓದುವ ಜಾಗ ಎಂದು ಅದನ್ನೂ ಸರಿ ಮಾಡಿದೆ ಎಂದರು.

ಕತ್ತರಿಸಿದ ಕಿವಿ ಎಲ್ಲಿ ಎಂದೆ. ಅಂಟು ಕಾಯಿಸುವ ಒಲೆಗೆ ಹಾಕಿದೆ ಎಂದರು. ಸಾಕ್ಷಿ ಸುಟ್ಟುಹೋಗಿದೆ, ಎಷ್ಟು ಅನುಕೂಲ ಎಂದುಕೊಂಡೆ. ಅಂಥ ಕಿವಿಯ ಆನೆ ಬೇರೆ ದೇಶದಲ್ಲಿದೆ, ಅದರ ಉಪಜಾತಿಯೇ ಬೇರೆ, ನಾನು ಪುಸ್ತಕದಲ್ಲಿ ನೋಡಿ ಗುರುತಿಸಿದ್ದೇನೆ ಎಂದೆ. ಅವರು ನಕ್ಕುಬಿಟ್ಟರು. ಆ ನಗು ಕಂಡು ನನಗೆ ತಡೆಯಲಾಗಲಿಲ್ಲ. ಆ ಕಾರಿನವರಿಗೆ ಕೊಟ್ಟುಬಿಟ್ಟಿರಾ ಎಂದು ಕೇಳಿಬಿಟ್ಟೆ.

ಸಾಬರ ನಗು ನಿಂತಿತು. ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟರು.

"ಹದಿನಾಕು ಉಗುರಿನ ಆನೆ ಎಲ್ಲಾರ ಉಂಟಾ? ಇಲ್ದಿರೋ ಆನೆ ಉಟ್ಸಿ ನನ್ ಮ್ಯಾಲೆ ಕಳ್ತನ ಒರಸ್ಬ್ಯಾಡಿ ಮೇಷ್ಟ್ರಮ್ಮ."

ಕೂಸು ಹೋಗಿ ಮೇಷ್ಟ್ರಮ್ಮ ಆಗಿದ್ದೆ. ಅದು ಚುಚ್ಚಿತು. ಆದರೆ ಚುಚ್ಚಿದ್ದನ್ನೂ ನಾನು ಅನುಮಾನದ ಲೆಕ್ಕಕ್ಕೇ ಹಾಕಿದೆ. ತಪ್ಪು ಮಾಡದವರು ಇಷ್ಟು ಬೇಗ ಮುಖ ತಿರುಗಿಸುತ್ತಾರೆಯೇ ಎಂದುಕೊಂಡು ಬಂದೆ.

ಅವ್ವ ರಾಗಿ ಕೇರುತ್ತಿದ್ದಳು. ಯಾಕೆ ಮುಖ ಹೀಗೆ ಊದಿದೆ ಎಂದಳು. ಎಲ್ಲವನ್ನೂ ಹೇಳಿ, ಯಾರ ಹತ್ತಿರವೂ ಆಡಬೇಡ ಎಂದೆ. ಹಾಗೆಂದರೆ ಅವ್ವ ಸಂಜೆಯೊಳಗೆ ಬಾವಿಕಟ್ಟೆಯಲ್ಲಿ ಯಾರಿಗೆಲ್ಲ ಹೇಳುತ್ತಾಳೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಇದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆಗ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ. ಆನೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಸೋಮವಾರ ಬೆಳಗಿನ ಬಸ್ಸಿಗೆ ಚಾಮರಾಜನಗರಕ್ಕೆ ಹೋದೆ. ಹೆಡ್‌ಮಿಸ್ಟ್ರೆಸ್‌ಗೆ ಬಣ್ಣ ಇನ್ನೂ ಒಣಗಿಲ್ಲ ಎಂದು ಸುಳ್ಳು ಹೇಳಿದೆ.

ಮುಂದಿನ ಶನಿವಾರ ಬರುವಷ್ಟರಲ್ಲಿ ಊರು ಹೊತ್ತಿಕೊಂಡಿತ್ತು. ಸಾಬರು ಸಾಮಾನು ಅದಲು ಬದಲು ಮಾಡುತ್ತಾರಂತೆ, ಶಾಲೆಯದನ್ನೇ ಬಿಟ್ಟಿಲ್ಲವಂತೆ. ದಸರಾಕ್ಕೆ ಇನ್ನು ಎರಡು ವಾರವೂ ಇರಲಿಲ್ಲ. ಒಂದೊಂದು ಮನೆಯವರಾಗಿ ಹೋಗಿ ತಮ್ಮ ಪಟ್ಟದ ಗೊಂಬೆಗಳನ್ನು ಹಿಂದಕ್ಕೆ ತಂದಿದ್ದರು. ಒಂದು ಮನೆಯ ರಾಜನಿಗೆ ಒಂದೇ ಕಡೆ ಮೀಸೆ. ಇನ್ನೊಂದು ಮನೆಯ ರಾಣಿಗೆ ಸೀರೆ ಬಂದಿದೆ, ಕಣ್ಣು ಬಂದಿಲ್ಲ. ತಂದವರು ಸುಮ್ಮನಿರಲಿಲ್ಲ. ಗೊಂಬೆಯನ್ನು ತಲೆಕೆಳಗು ಮಾಡಿ, ನಮ್ಮ ರಾಣಿಯ ಮೂಗು ಇಷ್ಟು ಮೊಂಡಾಗಿರಲಿಲ್ಲ, ನಮ್ಮ ರಾಜ ಇನ್ನೂ ತೂಕವಿದ್ದ ಎಂದು ಶುರು ಮಾಡಿದ್ದರು. ಐವತ್ತು ವರ್ಷ ಮನೆಯಲ್ಲಿದ್ದ ಗೊಂಬೆ ಒಂದು ವಾರದಲ್ಲಿ ಅವರಿಗೇ ಗುರುತು ಸಿಗದ ಹಾಗಾಗಿತ್ತು. ಸಾಬರ ಹಲಗೆ ಖಾಲಿ ಎಂದು ಅವ್ವ ಹೇಳಿದಳು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಗೆದ್ದ ಹಾಗಾಯಿತು. ಸಾಬರಿಗೆ ತೋರಿಸಿ ಬಾಯಿ ಮುಚ್ಚಿಸಬೇಕೆಂದು ಆ ಸಲ ಇಂಗ್ಲಿಷ್ ಪುಸ್ತಕವನ್ನೂ ಹೊತ್ತು ತಂದಿದ್ದೆ.

ನಾನು ಹೋಗುವ ಮೊದಲೇ ಭಾನುವಾರ ಬೆಳಿಗ್ಗೆ ಅವರೇ ಬಂದರು. ಒಗೆದ ಅಂಗಿ, ತಲೆಗೆ ಬಿಳಿ ಟೋಪಿ, ಕೈಯಲ್ಲಿ ಒಂದು ಸಣ್ಣ ಉಳಿ. ನಮ್ಮ ಜಗಲಿಯ ಮೇಲೆ ಕೂತು, ನನ್ನ ಕಡೆ ನೋಡದೆ ಅವ್ವನನ್ನು ಕರೆದರು. ಒಂದು ತಪ್ಪಲೆ ಬಿಸಿನೀರು ಕೊಡಿ, ಆ ಆನೆಯನ್ನು ತರಿಸಿ ಎಂದರು. ಸಾಬರು ನಮ್ಮ ಜಗಲಿಯಲ್ಲಿ ಕೂತಿದ್ದಾರೆ ಎಂದ ಮೇಲೆ ಬೀದಿಯವರು ಬಾರದೆ ಇರುತ್ತಾರೆಯೇ. ಗೊಂಬೆ ಹಿಂದಕ್ಕೆ ತಂದವರೆಲ್ಲ ಬಂದು ನಿಂತರು. ಮಾವನೂ ಎದ್ದು ಬಂದ.

ಅವ್ವ ಹಂಡೆಯಿಂದ ಕುದಿಯುವ ನೀರು ತೋಡಿ ತಂದಳು. ಸಾಬರು ಆನೆಯನ್ನು ತಪ್ಪಲೆಯೊಳಗೆ ಮುಳುಗಿಸಿ ಕೈ ಕಟ್ಟಿ ಕೂತರು.  ನೀರು ಬೂದಿಯ ಬಣ್ಣಕ್ಕೆ ತಿರುಗಿತು. ಚರ್ಮ ಬೇಯಿಸಿ ಮಾಡಿದ ಅಂಟು ಅದು, ಬಿಸಿಗೆ ಕರಗಿ ವಾಸನೆ ಎದ್ದಿತು. ಆಮೇಲೆ ಅವರು ಆನೆಯನ್ನು ಹೊರಗೆ ತೆಗೆದು ಬೆನ್ನಿನ ಮೇಲೆ ಹೆಬ್ಬೆರಳಿಟ್ಟು ನೂಕಿದರು. ಬೆನ್ನು ಜಾರಿ ಕೈಗೆ ಬಂತು. ಒಳಗೆ ತಗ್ಗಿದ ಹಳೆಯ ಬೆನ್ನು. ಹಣೆಯ ಎರಡು ಉಬ್ಬುಗಳೂ ಸೊಂಡಿಲ ಹೊಸ ತುದಿಯೂ ಬಂದವು. ಉಳಿಯ ತುದಿಯಿಂದ ಮೀಟಿ ಉಗುರು ತೆಗೆದರು, ಒಂದೊಂದು ಪಾದಕ್ಕೆ ಒಂದೊಂದು, ಒಟ್ಟು ನಾಲ್ಕು. ಎಲ್ಲವನ್ನೂ ಜಗಲಿಯ ಮೇಲೆ ಸಾಲಾಗಿ ಜೋಡಿಸಿದರು. ಕೊನೆಗೆ ಒದ್ದೆ ಬಟ್ಟೆಯಿಂದ ಹೊಟ್ಟೆಯನ್ನು ಮೆಲ್ಲಗೆ ಉಜ್ಜಿದರು. ಹೊಸ ಬಣ್ಣ ಬಿಟ್ಟಿತು. ಸೀಮೆಯ ಕಂದು ಬಣ್ಣ ಕಂಡಿತು. ಅದರ ಮೇಲೆ ಪೆನ್ಸಿಲಿನ ಹದಿನೇಳು.

ಅದನ್ನು ಅವರು ನನ್ನ ಮುಖದ ಹತ್ತಿರ ಹಿಡಿದರು.

"ಇದು ಯಾರ ಅಕ್ಸರ ಏಳಿ ಮೇಷ್ಟ್ರಮ್ಮ."

ನನ್ನದು ಎಂದೆ.  ಕೇಳಿಸಲಿಲ್ಲ ಎಂದರು. ನನ್ನದೇ ಎಂದು ಇನ್ನೊಮ್ಮೆ, ಬೀದಿಗೆಲ್ಲ ಕೇಳುವಂತೆ ಹೇಳಿದೆ. ಗೊಂಬೆ ತಂದವರಲ್ಲಿ ಒಬ್ಬೊಬ್ಬರೇ ಕಣ್ಣು ತಪ್ಪಿಸಿ ಮನೆ ಕಡೆ ಹೊರಟರು.  ಅವ್ವ ನನ್ನ ಕಡೆ ನೋಡಿದ ನೋಟವನ್ನು ಈಗಲೂ ಮರೆತಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಹಟ ನೋಡಿ, ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ತೋರಿಸದೆ ಇರಲು ಆಗಲಿಲ್ಲ. ಒಳಗೆ ಓಡಿ ಪುಸ್ತಕ ತಂದು, ಆ ಪುಟ ಬಿಚ್ಚಿ ಅವರ ಮುಂದೆ ಹಿಡಿದೆ. ಆಫ್ರಿಕದ ಬಯಲಿನಲ್ಲಿ ನಿಂತ ಆನೆ, ಮೊರದಗಲ ಕಿವಿ, ತಗ್ಗಿದ ಬೆನ್ನು. ಸಾಬರು ಕೈಯನ್ನು ಅಂಗಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಉಗುರು ಎಣಿಸಿದರು. ಪುಟವನ್ನು ಮಾವನಿಗೆ ತೋರಿಸಿ, ಇಂಥದೂ ಐತಾ ಎಂದು ಕೇಳಿದರು. ಮಾವನೂ ಅದನ್ನು ಅದೇ ಮೊದಲು ನೋಡುತ್ತಿದ್ದ. ನಮ್ದಲ್ಲ ಎಂದು ಮಾತ್ರ ಹೇಳಿದ.

ಸಾಬರ ಮುಖದಿಂದ ಬಿಸಿಯೆಲ್ಲ ಇಳಿದುಹೋಯಿತು. ಜಗಲಿಯ ಮೇಲಿದ್ದ ಕಿವಿ ಕತ್ತರಿಸಿದ ಆನೆಯನ್ನು ಎತ್ತಿಕೊಂಡರು.

"ಚೆನ್ನಾಗಿದ್ದ ಆನೆ ಕಿವಿ ಕುಯ್ದ್ಬುಟ್ನಲ್ಲವ್ವ. ಸುಟ್ಟೂ ಬುಟ್ಟೆ."

ಇದನ್ನು ಅವರು ಹೇಳಿದ್ದು ಅವ್ವನಿಗೆ, ನನಗಲ್ಲ. ಕಳ್ಳನಲ್ಲ ಎಂದು ತೋರಿಸಿ ತಲೆಯೆತ್ತಿ ಎದ್ದು ಹೋಗಲು ಬಂದಿದ್ದವರು. ಪುಸ್ತಕ ತೋರಿಸಿ ಅದನ್ನೂ ನಾನು ಕಿತ್ತುಕೊಂಡೆ. ಅವರು ತುಂಡುಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಜಗಲಿಯ ಮೇಲೇ ಬಿಟ್ಟು, ತಲೆ ತಗ್ಗಿಸಿಕೊಂಡು ಹೋದರು.

ಶಾಲೆಯಲ್ಲಿ ಏನೂ ಆಗಲಿಲ್ಲ. ಕಿವಿ ಮೋಟಾದ ಆನೆಯನ್ನು ಹಿಂದಿನ ಸಾಲಿನಲ್ಲಿ ಜಿರಾಫೆಯ ಮರೆಗೆ ನಿಲ್ಲಿಸಿದೆವು. ಇನ್‌ಸ್ಪೆಕ್ಟರು ಬಂದು, ಬೀರುವಿನ ಮುಂದೆ ಅರ್ಧ ನಿಮಿಷ ನಿಂತು, ಅಕ್ಷರ ದುಂಡಗಿದೆ ಎಂದು ಹೊಗಳಿ, ಕಾಫಿ ಕುಡಿಯಲು ಹೋದರು. ಒಂದು ಉಪಜಾತಿಯನ್ನೂ ಅವರು ಓದಲಿಲ್ಲ. ಇದಕ್ಕಾಗಿ ಇಷ್ಟೆಲ್ಲ ಆಯಿತೇ ಎಂದು ನನಗೆ ಅಳು ಬರುವ ಹಾಗಾಗಿತ್ತು.

ಊರಿನಲ್ಲಿ ಆದದ್ದು ಬೇರೆ. ಮನೆಗಳವರು ಮುಖ ಒರೆಸಿಕೊಂಡು ಮತ್ತೆ ಗೊಂಬೆ ತೆಗೆದುಕೊಂಡು ಹೋದರಂತೆ. ಸಾಬರು ಬೈಯಲಿಲ್ಲವಂತೆ. ಬೆಂಚು ತೋರಿಸಿ ಕೂತುಕೊಳ್ಳಿ ಎಂದರಂತೆ. ಬಿಟ್ಟು ಹೋಗುತ್ತೇವೆ ಎಂದರೆ ಕೇಳಲಿಲ್ಲ. ಇನ್ನು ಯಾರ ಸಾಮಾನನ್ನೂ ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ, ಕೂತು ಮಾಡಿಸಿಕೊಂಡು ಕೈಯಲ್ಲೇ ತೆಗೆದುಕೊಂಡು ಹೋಗಿ ಎಂದರು. ಹಬ್ಬದ ಕೆಲಸ ಬಿಟ್ಟು ಬಣ್ಣ ಒಣಗುವವರೆಗೆ ಕಾಯಲು ಯಾರಿಗೆ ಪುರುಸೊತ್ತು. ಸಾಬರಿಗೆ ಜಂಬ ಬಂದಿದೆ ಎಂದು ಗೊಣಗಿದರು. ಕೆಲವರು ಕೂತರು, ಹಲವರು ಹಳೆಯ ಬಣ್ಣದಲ್ಲೇ ಗೊಂಬೆ ಕೂರಿಸಿದರು. ಅದು ಜಂಬವಲ್ಲ ಎಂದು ತಿಳಿದವಳು ನಾನೊಬ್ಬಳೇ. ತಪ್ಪಾಯಿತು ಎಂದು ಹೇಳಬೇಕೆಂದು ಪ್ರತಿ ಶನಿವಾರ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಬಸ್ಸಿನಿಂದ ಇಳಿದ ಮೇಲೆ ರಸ್ತೆಯ ಆಚೆ ಬದಿಯಿಂದ ನಡೆದು ಮನೆ ಸೇರುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ನಮ್ಮ ಮಜ್ಜಿಗೆಯ ಕಡೆಗೋಲು ಬುಡದಲ್ಲಿ ಸೀಳಿತು. ಅವ್ವ ಬೇಕೆಂದೇ ನನ್ನ ಕೈಗೆ ಕೊಟ್ಟು ಕಳಿಸಿದಳು ಎಂದು ನನ್ನ ಅನುಮಾನ. ಸಾಬರು ಒಬ್ಬರೇ ಇದ್ದರು. ಹಿಂದಿನ ಹಲಗೆಯ ಮೇಲೆ ಒಂದು ಸಾಮಾನೂ ಇರಲಿಲ್ಲ. ಕಡೆಗೋಲನ್ನು ಮುಂದಿಟ್ಟು, ನಾಳೆ ಬಂದು ತೆಗೆದುಕೊಳ್ಳುತ್ತೇನೆ, ಇದೇನು ದೊಡ್ಡ ಸಾಮಾನೇ ಎಂದೆ. ಅವರು ಬೆಂಚು ತೋರಿಸಿದರು. ಕೂತೆ. ಬಿಸಿಲು ಕಾಯುತ್ತಿತ್ತು. ಅವರು ಸೀಳಿದ ಕಡೆ ಕೆತ್ತಿ, ಹೊಸ ಚೂರು ಕೂರಿಸಿ, ಅಳತೆ ನೋಡಿ ಮತ್ತೆ ಕೆತ್ತುತ್ತಿದ್ದರು. ಪ್ರತಿ ಸಲವೂ ಅದನ್ನು ನನಗೆ ಕಾಣುವ ಹಾಗೆ ಎತ್ತಿ ಹಿಡಿದು ಆಮೇಲೆ ಮುಂದುವರಿಸುತ್ತಿದ್ದರು. ನನ್ನನ್ನು ಚುಚ್ಚಲೆಂದೇ ಹೀಗೆ ಮಾಡುತ್ತಿದ್ದಾರೋ ಎಂದು, ನೋಡಿ ನನ್ನ ಬುದ್ಧಿ, ಅಲ್ಲೂ ಅನುಮಾನಪಟ್ಟೆ.

ಬಾಯಾರಿ, ಎದುರಿನ ಕಾಫಿ ಅಂಗಡಿಯಲ್ಲಿ ನೀರು ಕುಡಿದು ಬರುತ್ತೇನೆ ಎಂದು ಎದ್ದೆ. ಅವರು ತಲೆಯಾಡಿಸಿದರು. ರಸ್ತೆ ದಾಟಿ, ಲೋಟ ಬಾಯಿಗಿಟ್ಟು, ಹಾಗೇ ತಿರುಗಿ ನೋಡಿದೆ. ಸಾಬರು ಉಳಿಯನ್ನು ಕೆಳಗಿಟ್ಟಿದ್ದರು. ಕಡೆಗೋಲನ್ನು ನಾನು ಕೂತಿದ್ದ ಬೆಂಚಿನ ಮೇಲೆ ಇಟ್ಟಿದ್ದರು. ಎರಡೂ ಅಂಗೈಗಳನ್ನು ಮೇಲೆ ಮಾಡಿ, ರಸ್ತೆಗೆ ಕಾಣುವ ಹಾಗೆ ಮೊಣಕಾಲ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ನಾನು ವಾಪಸು ಬಂದು ಕೂತ ಮೇಲೆಯೇ ಅವರು ಉಳಿ ಎತ್ತಿಕೊಂಡದ್ದು.